ದಾರವಿಲ್ಲದ ತುದಿ

ಜೂನ್ 14, ಶುಕ್ರವಾರ

ಆ ದಾರ ಎಲ್ಲಿ ಹೋಯಿತೋ, ಇನ್ನೂ ತಲೆ ತಿನ್ನುತ್ತಿದೆ.

ಕಟಿಂಗ್ ಅಂಗಡಿಯ ಯಜಮಾನರಿಗೆ ಇವತ್ತು ಬೈಪಾಸು. ಹೃದಯಕ್ಕೆ ಹೊಲಿಯಲು ಅವರ ಕಾಲಿನಿಂದ ರಕ್ತನಾಳ ಬಿಡಿಸಿಕೊಟ್ಟವಳು ನಾನು. ಅದರೊಳಗಿನ ಪುಟ್ಟ ಕವಾಟಗಳು ರಕ್ತವನ್ನು ಪಾದದಿಂದ ಮೇಲಕ್ಕೆ ಮಾತ್ರ ಬಿಡುತ್ತವೆ. ಅದಕ್ಕೇ ನಾಳವನ್ನು ತಲೆಕೆಳಗೆ ತಿರುಗಿಸಿ ಹೊಲಿಯಬೇಕು, ಗುರುತಿಗೆ ಪಾದದ ಕಡೆಯ ತುದಿಗೆ ದಾರ ಕಟ್ಟಬೇಕು. ಬಟ್ಟಲಲ್ಲಿ ನೋಡಿದರೆ ದಾರವೇ ಇಲ್ಲ! ಕಟ್ಟಿದ್ದೆನೋ, ಜಾರಿತೋ, ದೇವರಾಣೆ ನೆನಪಿಲ್ಲ. ತುದಿ ಅದಲುಬದಲಾದರೆ ಹೃದಯಕ್ಕೆ ತೊಟ್ಟು ರಕ್ತವೂ ತಲುಪದು. ಬಾಯಿಬಿಟ್ಟು ಹೇಳಿಯೇಬಿಟ್ಟೆ.

ಹಿರಿಯ ಸಿಸ್ಟರ್ ಬೈಯಲಿಲ್ಲ. "ನಾಳವನ್ನೇ ಕೇಳಿದ್ರಾಯ್ತು, ಬನ್ನಿ ಡಾಕ್ಟರಮ್ಮ" ಎಂದು ಉಪ್ಪುನೀರಿನ ಸಿರಿಂಜು ಕೊಟ್ಟರು. ಒಂದು ತುದಿಯಿಂದ ಮೆಲ್ಲಗೆ ನೂಕಿದೆ, ನಾಳ ಉಬ್ಬಿ ನಿಂತಿತು. ಇನ್ನೊಂದರಿಂದ ನೂಕಿದೆ, ಸರಾಗವಾಗಿ ಹರಿಯಿತು. ಅದೇ ಪಾದದ ತುದಿ. ಅಲ್ಲೇ ದಾರ ಕಟ್ಟಿದೆ, ಎರಡು ಗಂಟು ಹಾಕಿ.

ಸಂಜೆ ಅವರ ಹೆಂಡತಿಯನ್ನು ಒಳಗೆ ಬಿಟ್ಟೆವು. ಯಜಮಾನರಿನ್ನೂ ಮಂಪರಿನಲ್ಲಿದ್ದರು.

"ಎಡಗಾಲಿನ ನಾಳ ಅಮ್ಮ. ತಿರುಗಿಸಿ ಹೃದಯಕ್ಕೆ ಹೊಲಿದಿದ್ದೀವಿ" ಎಂದೆ.

"ಸರಿ ಬಿಡಿ, ಈ ಮನುಷ್ಯನಿಗೆ ನೆಟ್ಟಗಿದ್ದದ್ದು ಯಾವತ್ತು ಒಗ್ಗಿದೆ!"

ನಕ್ಕರು, ಕಣ್ಣೊರೆಸಿಕೊಂಡರು. ಆಮೇಲೆ ಬಗ್ಗಿ, ಬ್ಯಾಂಡೇಜಿನ ಎಡಪಾದವನ್ನು ಅಂಗೈಯಲ್ಲಿ ಹಿಡಿದು, ನಾನಿರುವುದನ್ನೇ ಮರೆತು, ಆ ಪಾದಕ್ಕೇ ಹೇಳಿದರು:

"ಮೂವತ್ತೈದು ವರ್ಷ ಅಂಗಡೀಲಿ ನಿಂತೇ ದುಡಿದೆ ನೀನು. ಇನ್ನಾದ್ರೂ ರಜ ಕೊಡ್ಸೋಣ ಅಂದ್ಕೊಂಡಿದ್ದೆ, ಮೇಲ್ಗಡೆ ಕೆಲಸ ಬಂತಲ್ಲೋ ನಿಂಗೆ. ಹುಷಾರಾಗಿ ನೋಡ್ಕೊ ಅವರನ್ನ."