ಪರದೆಯ ಅಡಿಯಲ್ಲಿ ಓಡುವ ಅಕ್ಷರ

ಭಾನುವಾರ, ಮಧ್ಯಾಹ್ನ

ನನ್ನ ಗುಮ್ಮನಗುಸಕನಿಗೆ,

ನಿನ್ನ ಹೆಂಡತಿ ಮಾಡುವ ನಮಸ್ಕಾರ. ಅತ್ತೆಯ ಎದುರು ‘ಇವರು’, ‘ನೀವು’ ಎಂದು ಬಹುವಚನ ಕೊಟ್ಟರೂ ಇದು ನಾವಿಬ್ಬರೂ ಜೊತೆಗೆ ದುಡಿದ ಮಗ್ಗದ ಶೆಡ್ಡಿನ ಕಾಗದ, ಇಲ್ಲಿ ನೀನು ನೀನೇ. ಸುರಂಗದೊಳಗೆ ನಿನ್ನ ಜೊತೆ ಸಿಕ್ಕಿಕೊಂಡವರಿಗೆಲ್ಲ ಮನೆಯಿಂದ ಕಾಗದ ಬಂದು, ನಿನಗೊಬ್ಬನಿಗೆ ಬರದೇ ಹೋದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿನ್ನೆಯಿಂದ ಬರೆಯುತ್ತೇನೆ, ಹರಿಯುತ್ತೇನೆ. ಇದರ ಫೋಟೋ ಕಳಿಸಿದರೆ ಅಲ್ಲಿ ಅಚ್ಚು ತೆಗೆದು, ನಿಮಗೆ ಗಾಳಿ, ನೀರು, ಊಟ ಬರುವ ಪೈಪಿನಲ್ಲೇ ಸುರುಳಿ ಸುತ್ತಿ ಇಳಿಸುತ್ತಾರಂತೆ.

ಮಗಳು ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ. “ಅಪ್ಪ ಬರೋವರೆಗೂ ಇಟ್ಟಿರು” ಎಂದು ಬೆಂಕಿಪೊಟ್ಟಣದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದಾಳೆ.

ಕಂಪನಿಯವರು ಸುರಂಗದ ಬಾಯಿಂದ ನೇರಪ್ರಸಾರ ಮಾಡುತ್ತಿದ್ದಾರೆ. ಆ ದೇಶದ ಭಾಷೆ ನಮಗೆಲ್ಲಿ ಬರಬೇಕು? ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುವ ಅಕ್ಕ ನನ್ನ ಫೋನಿನಲ್ಲಿ ಏನೇನೋ ಒತ್ತಿ ಕೊಟ್ಟಳು. ಈಗ ಅವರು ಮಾತಾಡಿದ ಹಾಗೆಲ್ಲ ಪರದೆಯ ಅಡಿಯಲ್ಲಿ ನಮ್ಮ ಭಾಷೆಯ ಅಕ್ಷರ ಓಡುತ್ತದೆ. ಅವರ ಬಾಯಿ ಮುಚ್ಚಿದ ಮೇಲೆ ಇದರ ಬಾಯಿ ತೆರೆಯುತ್ತದೆ. ಅಷ್ಟು ಹೊತ್ತೂ ಅವರ ಮುಖವನ್ನೇ ಓದುತ್ತಿರುತ್ತೇನೆ. ಹಳದಿ ಟೋಪಿಯ ಎಂಜಿನಿಯರ್ ಮುಖ ಕೆಂಪಗೆ ಮಾಡಿಕೊಂಡು ತನ್ನವರ ಮೇಲೆ ಕಿರುಚುತ್ತಾನೆ, ಅಡಿಯಲ್ಲಿ ಮಾತ್ರ ‘ದಯವಿಟ್ಟು ಕೇಬಲ್ಲನ್ನು ಸರಿಸಿರಿ’ ಎಂದು ಬರುತ್ತದೆ. “ಎಷ್ಟು ಮರ್ಯಾದಸ್ತ ನೋಡೆ, ಇವನು ಖಂಡಿತ ಕಾಪಾಡ್ತಾನೆ” ಅಂದರು ಅತ್ತೆ. ನಕ್ಕುಬಿಟ್ಟೆ. ನಕ್ಕೆನಲ್ಲ ಎಂದು ಆಮೇಲೆ ಅಳು ಬಂತು.

ಅತ್ತೆಯದೇ ಕಷ್ಟ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುವವರು. ಅರ್ಧ ಓದುವಷ್ಟರಲ್ಲಿ ಸಾಲು ಮಾಯ. “‘ಒಳಗಿರುವವರೆಲ್ಲರೂ’ ಅಂತ ಬಂತು. ಎಲ್ಲರೂ ಏನಾದ್ರೇ? ಅಯ್ಯೋ, ಓಡೇ ಹೋಯ್ತಲ್ಲೇ!” ಎಂದು ನನ್ನ ತೋಳು ಹಿಡಿದು ಜಗ್ಗುತ್ತಾರೆ. ‘ಕ್ಷೇಮವಾಗಿದ್ದಾರೆ’ ಎಂದು ಉಳಿದರ್ಧ ನಾನು ಹೇಳಬೇಕು. ಅಲ್ಲಿ ಬೇರೇನಾದರೂ ಬಂದಿದ್ದರೂ ಹಾಗೇ ಹೇಳುತ್ತೇನೆ.

ಕೆಲಸಕ್ಕೆ ಹೋಗುತ್ತಿದ್ದೇನೆ, ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ. ಫೋನನ್ನು ಮಗ್ಗದ ಚೌಕಟ್ಟಿಗೆ ಕಟ್ಟಿಕೊಳ್ಳಲು ಮೇಸ್ತ್ರಿ ಬಿಟ್ಟಿದ್ದಾನೆ. ಆ ಗದ್ದಲದಲ್ಲಿ ದನಿ ಕೇಳುವುದಿಲ್ಲ, ಅಕ್ಷರವಿದ್ದರೆ ಸಾಕು. ಎಳೆ ಹರಿದದ್ದೂ ನನಗೆ ಗೊತ್ತಾಗುವುದಿಲ್ಲ. ಮೇಸ್ತ್ರಿಯೇ ಬಂದು ಮಗ್ಗ ನಿಲ್ಲಿಸುತ್ತಾನೆ, ಬೈಯುವುದಿಲ್ಲ. ಆ ಮನುಷ್ಯ ಬೈಯದಿರುವುದೇ ನನಗೆ ಹೆದರಿಕೆ. ಇಲ್ಲಿ ಎಲ್ಲರೂ ಇನ್ನೂ ಹಾಗೇ ತುಟಿಯಲ್ಲೇ ಮಾತಾಡುತ್ತಾರೆ. ನೀನೂ ಆಚೆ ಸಾಲಿನ ಮಗ್ಗದಿಂದ ದನಿಯಿಲ್ಲದೆ ತುಟಿಯಲ್ಲೇ ಕೇಳಿದ್ದಲ್ಲವೇ, ‘ಮದ್ವೆ ಆಗ್ತೀಯಾ?’ ಎಂದು. ಅರ್ಥವಾಗದವಳ ಹಾಗೆ ಮತ್ತೆ ಮತ್ತೆ ಹೇಳಿಸಿ ನಿನ್ನನ್ನು ಸತಾಯಿಸಿದ್ದೆ.

ನಿನ್ನೆ ಹಳದಿ ಟೋಪಿಯವನು ಹೇಳಿದ್ದನ್ನೂ ಓದಿದೆ. ದೊಡ್ಡ ಪೈಪು ತೂರಿಸಿ, ತೆವಳಲು ಆಗುವವರನ್ನು ಮೊದಲು ಹೊರಗೆ ತರುತ್ತಾರೆ. ಕಾಲ ಮೇಲೆ ಬಂಡೆ ಕೂತಿರುವುದು ನಿನಗೊಬ್ಬನಿಗೇ. ನಿನ್ನನ್ನು ಬಿಡಿಸಬೇಕಾದರೆ ಅವರ ಜನ ಒಳಗಿಳಿದು ಕೊರೆಯಬೇಕು, ಆದರೆ ಮೇಲಿನ ಬಂಡೆ ಯಾವಾಗ ಕುಸಿದೀತೋ ಹೇಳಲಾಗದು. ‘ಅವರನ್ನೇ ಒಂದು ಮಾತು ಕೇಳುತ್ತೇವೆ. ಮನೆಯವರು ನೋಡುತ್ತಿರುವುದು ಅವರಿಗೂ ಗೊತ್ತು’ ಎಂದು ಅಡಿಯಲ್ಲಿ ಬಂತು. ಆಮೇಲೆ ಪೈಪಿನಲ್ಲಿ ಕ್ಯಾಮೆರಾ ಇಳಿಸಿದರು. ನಿನ್ನ ಮುಖ ಕಂಡಿತು. ಗಡ್ಡ ಬೆಳೆದಿದೆ. ಅತ್ತೆ ಪರದೆಯನ್ನೇ ಸವರಿದರು. ನೀನು ಏನೂ ಹೇಳಲಿಲ್ಲ, ಅಕ್ಷರವೂ ಬರಲಿಲ್ಲ. ‘ಅವರಿಗೆ ಆಯಾಸವಾಗಿದೆ, ನಾಳೆ ಸಂಜೆ ಮತ್ತೆ ಕೇಳುತ್ತೇವೆ’ ಎಂದ ಎಂಜಿನಿಯರ್. ಆ ನಾಳೆ ಎಂದರೆ ಇವತ್ತು.

ಕೊಟ್ಟ ಊಟ ಬಿಡಬೇಡ. ಜೊತೆಯವರ ಹತ್ತಿರ ನಾಲ್ಕು ಮಾತಾಡು, ಗುಮ್ಮನ ಹಾಗೆ ಕೂರಬೇಡ. ಅತ್ತೆಯ ಆಶೀರ್ವಾದ, ಮಗಳ ಮುತ್ತು. ನೂರು ಕಾಲ ಬಾಳು, ಅದರಲ್ಲಿ ಒಂದು ದಿನವನ್ನೂ ಯಾರಿಗೂ ಬಿಟ್ಟುಕೊಡಬೇಡ.

ಇಂತಿ ನಿನ್ನ
ಬಾಯಿಬಡುಕಿ

ತಾ.ಕ.: ಇಲ್ಲಿಂದ ಮುಂದೆ ಬೇಕೆಂದೇ ಕಾಗೆಕಾಲು ಗುಬ್ಬಿಕಾಲು. ಈ ಅಕ್ಷರ ಅತ್ತೆಗೂ ತಿಳಿಯದು, ಕಾಗದವನ್ನು ತಮ್ಮ ಭಾಷೆಗೆ ತಿರುಗಿಸಿ ನೋಡುವ ಕಂಪನಿಯವರ ಯಂತ್ರಕ್ಕೂ ಬಗ್ಗದು, ನಿನಗೊಬ್ಬನಿಗೇ ಓದಲು ಬರುವುದು. ನೀನು ಏನೂ ಹೇಳಲಿಲ್ಲ ಎಂದು ಮೇಲೆ ಬರೆದದ್ದು ಅವರಿಗಾಗಿ. ನಿನ್ನ ತುಟಿ ಆಡಿದ್ದನ್ನು ನಾನು ನೋಡಿದೆ. ನೋಡುತ್ತಿರುತ್ತೇನೆಂದು ಗೊತ್ತಿದ್ದೇ, ಮಗ್ಗದ ಶೆಡ್ಡಿನ ಹಾಗೆ, ದನಿಯಿಲ್ಲದೆ ನನ್ನನ್ನು ಕೇಳಿದೆ: ‘ನನ್ನ ಬಿಟ್ಬಿಡಿ ಅಂತ ಹೇಳ್ಲಾ?’

ಈ ಸಲ ಎರಡನೇ ಬಾರಿ ಹೇಳಿಸಬೇಕಾಗಲಿಲ್ಲ. ನಿನ್ನೆಯಿಂದ ಕಾಗದ ಹರಿಯುತ್ತಿರುವುದು ಅದಕ್ಕೇ. ಒಳಗಿಳಿಯುವವರಿಗೂ ಹೆಂಡತಿ ಮಕ್ಕಳಿದ್ದಾರೆ ಎಂದು ನೀನು ಯೋಚಿಸಿರುತ್ತೀ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಇದ್ದಾರೆ. ಅವರಲ್ಲೊಬ್ಬಳು ಸುರಂಗದ ಬಾಯಲ್ಲಿ ಗಂಡನ ಟೋಪಿಯ ಪಟ್ಟಿ ಬಿಗಿದು, ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಅವಳನ್ನು ನೋಡಿದ ಮೇಲೂ ನಾನು ಬೇಡ ಎನ್ನುತ್ತಿದ್ದೇನೆ. ಕೆಟ್ಟವಳೆಂದರೆ ಕೆಟ್ಟವಳೇ. ನನಗೆ ನೀನು ಬೇಕು. ಹಾಗೆ ಹೇಳಬೇಡ.

ಇವತ್ತು ಸಂಜೆ ಕೇಳಿದಾಗ ‘ನನ್ನನ್ನು ತೆಗೀರಿ’ ಅನ್ನು. ತುಟಿಯಲ್ಲಲ್ಲ, ದನಿ ತೆಗೆದು, ಅವರ ಭಾಷೆಯಲ್ಲೇ ಅನ್ನು, ಅಡಿಯಲ್ಲಿ ಅಕ್ಷರ ಬರಲಿ. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಅನ್ನು. ಓಡಿ ಹೋಗುವುದರೊಳಗೆ ಅತ್ತೆ ತಾವೇ ಓದಿ ಮುಗಿಸಲಿ. ಉಳಿದರ್ಧ ಹೇಳಲು ಇನ್ನು ನನ್ನ ಕೈಲಾಗದು.