ಹೊಸ್ತಿಲಾಚೆ ನಿಂತ ಪುಟ್ಟಮಾದಮ್ಮ

ಅತ್ತೆಮ್ಮಾ,

ಗೆದ್ದೆ ಕಣತ್ತೆ! ನಮ್ಮಿಬ್ಬರ ಜಗಳ ನೆನಪಿದೆಯಲ್ಲ? ಎದುರುಮನೆ ಪುಟ್ಟಮಾದಮ್ಮನ ಎದೆ ಬರೀ ಕಲ್ಲು ಅಂತ ನೀನು, ಅಲ್ಲವೇ ಅಲ್ಲ ಅಂತ ನಾನು. ಮುಖ ನೋಡಿದರೆ ಸಾಕು, ಯಾರು ಒಳ್ಳೆಯವರು ಅಂತ ಹೇಳಿಬಿಡ್ತೀನಿ ಎಂದು ಮೆರೆಯುತ್ತಿದ್ದೆಯಲ್ಲ, ಈಗ ಕೇಳು.

ನೀನು ಜ್ವರದಲ್ಲಿ ಪಡಸಾಲೆಯ ಮಂಚ ಹಿಡಿದ ದಿನಗಳು. ಸುತ್ತ ರೇಷ್ಮೆಹುಳುವಿನ ತಟ್ಟೆಗಳು, ನಡುವೆ ನೀನು. ಕಾಮಗೆರೆಯ ನಮ್ಮ ಬೀದಿಯವರೆಲ್ಲ ಒಳಗೆ ಬಂದು, ನಿನ್ನ ಕಾಲ ಬಳಿ ಕೂತು, ಕಣ್ಣೊರೆಸಿಕೊಂಡು ಹೋದರು. ಪುಟ್ಟಮಾದಮ್ಮ ಮಾತ್ರ ಬೀದಿಯಲ್ಲೇ ನಿಂತು, "ಎಂಗಿದ್ದೀಯಕ್ಕಾ?" ಅಂದಳು. ನೀನು ಗೋಡೆ ಕಡೆ ತಿರುಗಿಕೊಂಡೆ.

"ಒಸ್ಲು ದಾಟುದ್ರೆ ಅವಳ ಕಾಲು ಸವ್ದೋದವಾ? ಇಂಥೋಳ್ನ ಒಳ್ಳೇಳು ಅಂತೀಯಲ್ಲ, ನಿಂಗೆ ಬುದ್ಧಿ ಎಲ್ಲದೆ?" ಅಂತ ನನ್ನ ಮೇಲೆ ಹರಿಹಾಯ್ದೆ. ಆದರೆ ಅವಳು ದಿನವೂ ಬರುತ್ತಿದ್ದಳು. ಮಳೆ ಬಂದರೆ ಗೋಣಿಕೊಪ್ಪೆ ಹಾಕಿಕೊಂಡು ಬಂದು ನಿಲ್ಲುತ್ತಿದ್ದಳು. ಮನಸ್ಸಿಲ್ಲದವಳು ಮಳೆಯಲ್ಲಿ ಹಾಗೆ ನಿಲ್ಲುತ್ತಾಳಾ? ಇಷ್ಟು ಕೇಳಿದ್ದಕ್ಕೇ ನೀನು ಒಂದು ಹೊತ್ತಿನ ಗಂಜಿ ಬಿಟ್ಟೆ.

ಹೋಗುವ ಮುಂಚೆ ನೀನು ಇನ್ನೊಂದು ಮಾತು ಆಡಿದ್ದೆ. "ನಾನೋದ್ಮೇಲೆ ಈ ಮನೇಲಿ ಉಳ ಎದ್ದು ಗೂಡು ಕಟ್ಟಾಕಿಲ್ಲ ಬುಡು." ಅದು ನನಗೆ ಎಷ್ಟು ಚುಚ್ಚಿತ್ತು ಗೊತ್ತಾ? ಅದಕ್ಕೇ ನಿನ್ನ ತಿಥಿ ಮುಗಿಯುತ್ತಲೇ ರೇಷ್ಮೆಮೊಟ್ಟೆ ತಂದು, ಹುಳು ಮರಿ ಮಾಡಿ ಒಬ್ಬಳೇ ಮೇಯಿಸಿದೆ. ಕೊನೆಯ ಪೊರೆ ಕಳಚಿ ಎದ್ದ ಹುಳುವಿಗೆ ಎಷ್ಟು ಹಾಕಿದರೂ ಸಾಲದು. ನಮ್ಮ ಹಿಪ್ಪುನೇರಳೆ ತೋಟ ಬರೀ ಕಡ್ಡಿಯಾಯಿತು. ಸೊಪ್ಪು ಸಿಗದಿದ್ದರೆ ಅಷ್ಟೂ ಹುಳು ತಿಪ್ಪೆಗೆ, ನಿನ್ನ ಮಾತೇ ನಿಜ. ನಿನ್ನ ಕಾಲ ಬಳಿ ಅತ್ತವರ ಮನೆಗಳಿಗೆಲ್ಲ ಹೋದೆ. ಕಾಫಿ ಕೊಟ್ಟರು, ನಿನ್ನನ್ನು ಬಾಯ್ತುಂಬ ಹೊಗಳಿದರು. ಸೊಪ್ಪು ಮಾತ್ರ...

ಬರಿಗೈಲಿ ಬರುತ್ತಿದ್ದವಳನ್ನು ಪುಟ್ಟಮಾದಮ್ಮ ಬೀದಿಯ ಆಚೆಯಿಂದಲೇ ಕೂಗಿದಳು. "ನಮ್ ಮೇಲ್ತೋಟದಲ್ಲಿ ಸೊಪ್ಪು ಅಂಗೇ ನಿಂತದೆ. ನೀನೇ ಕುಯ್ಕಂಡೋಗು. ನಾನ್ ಮುಟ್ಟಾಕಿಲ್ಲ."

"ಯಾಕ್ ಚಿಕ್ಕವ್ವ, ಯಾವಾಗ್ಲೂ ಇಂಗೆ ದೂರ?"

"ನಮ್ ಉಳಕ್ಕೆ ಸುಣ್ಣಕಟ್ಟು ರೋಗ ಕಣವ್ವ. ಓದ್ ಬೆಳೇಲೂ ಅದೇ, ಈ ಬೆಳೇಲೂ ಅದೇ. ಎಲ್ಲಾ ಸುಟ್ಟಾಕ್ದೆ. ಸತ್ ಉಳದ ಮೇಲಿನ ಬಿಳೀ ಪುಡಿ ನನ್ ಸೀರೇಲಿ ಅಂಟ್ಕಂಡು ಬಂದು ನಿಮ್ ತಟ್ಟೆಗೆ ಬಿದ್ರೆ?"

"ಅತ್ತೆಗೆ ಒಂದ್ಮಾತು ಏಳ್ಬಾರ್ದಿತ್ತಾ? ಬೈಕಂಡೇ ಓದ್ಲಲ್ಲ."

"ಏಳಿದ್ರೆ ಮಂಚದ ಮೇಲೆ ಇರೋಳಾ ಅವ್ಳು? ಜ್ವರದಲ್ಲೇ ಎದ್ದು ತಟ್ಟೆ ತೊಳ್ಯಾಕೆ ಕುಂತ್ಕಳೋಳು. ಬೈಕಳ್ಳಿ ಬುಡು ಅಂದ್ಕಂಡೆ."

ನಿನ್ನನ್ನು ಎಷ್ಟು ಚೆನ್ನಾಗಿ ಬಲ್ಲಳು ನೋಡು! ನನಗೆ ನಗುವೂ ಬಂತು, ಅಳುವೂ ಬಂತು. ಬೈಗುಳ ತಿಂದೂ ಬಾಯಿಬಿಡದೆ ಇರುವುದು ನಮ್ಮಿಬ್ಬರಿಂದ ಆಗುತ್ತಿತ್ತಾ ಹೇಳು? ಕುಡುಗೋಲು ಹಿಡಿದು ಓಡಿದೆ, ಹೊತ್ತು ಮುಳುಗುವವರೆಗೂ ಸೊಪ್ಪು ಹೊತ್ತೆ.

ಹುಳು ಎದ್ದಿತು ಅತ್ತೆ! ಹುಳು ಬಿಟ್ಟ ಬಿದಿರಿನ ಚಂದ್ರಿಕೆ ತುಂಬ ಹಳದಿ ಗೂಡು, ಕಣ್ಣು ತುಂಬಿ ಬಂತು. ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವರೊಬ್ಬರು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಮೆಚ್ಚಿ, "ಯಾರಮ್ಮ ಮೇಯಿಸಿದ್ದು?" ಅಂದರು. "ನಾನೇ" ಅಂದೆ. ಅಷ್ಟು ಜೋರಾಗಿ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ. ಆಮೇಲೆ, "ನಾನು, ನಮ್ಮ ಎದುರುಮನೆಯವಳು" ಅಂದೆ.

ಅವಳ ತಟ್ಟೆಗಳನ್ನೆಲ್ಲ ಇಬ್ಬರೂ ತೊಳೆದು ಬಿಸಿಲಿಗೆ ಹಾಕಿದ್ದೇವೆ, ಮನೆಗೆ ಸುಣ್ಣ ಬಳಿದಿದ್ದೇವೆ. ಈ ಸಲದ ಬೆಳೆ ಎರಡೂ ಮನೆಗೆ ಸೇರಿದ್ದು, ನಮ್ಮ ಪಡಸಾಲೆಯಲ್ಲೇ. ಇವತ್ತು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ನಾನು ಕೊಟ್ಟ ಹೊಸ ಸೀರೆ ಉಟ್ಟು, ಪುಟ್ಟಮಾದಮ್ಮ ನಮ್ಮ ಹೊಸ್ತಿಲು ದಾಟಿದಳು. ಇದನ್ನು ಬರೆಯುವಾಗ ನಿನ್ನ ಮಂಚದ ಮೇಲೇ ಕೂತು ಎಲೆಅಡಿಕೆ ಹಾಕುತ್ತಿದ್ದಾಳೆ. ಗೋಡೆ ಕಡೆ ತಿರುಗಿದ್ದು ಸಾಕು ಅತ್ತೆ, ಇನ್ನಾದರೂ ಈ ಕಡೆ ತಿರುಗು.

ನಿನ್ನ ಜಗಳಗಂಟಿ ಸೊಸೆ