ಏಳನೆಯವರ ದನಿ

ಮಾರ್ಚ್ 4, ಸೋಮವಾರ, ಬೆಳಿಗ್ಗೆ 9.20

ಏಳನೇ ಟೇಪು, ಮೂರನೇ ಸಲ. ಲೈಬ್ರರಿಯ ಕಿಟಕಿ ಪಕ್ಕದ ಮೇಜು, ಇಯರ್‌ಫೋನು, ಆರಿದ ಕಾಫಿ. ನಾಲ್ಕು ನಿಮಿಷದ ಮಾತು ಬರೆದುಕೊಳ್ಳಲು ಒಂದು ಗಂಟೆ. ಸಾಮಾಜಿಕ ಬದಲಾವಣೆಯ ಅಧ್ಯಯನವೆಂದರೆ ಬೆನ್ನುನೋವಿನ ಅಧ್ಯಯನ ಎಂದು ಸೇರುವಾಗ ಯಾರೂ ಹೇಳಲಿಲ್ಲ.

ಒಟ್ಟು ಒಂಬತ್ತು ಹೆಂಗಸರು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಕೆಲಸ. ಪ್ರಬಂಧದಲ್ಲಿ ಹೆಸರು ಬರೆಯುವಂತಿಲ್ಲ, ಬರೀ ನಂಬರು. ಗುರುತು ಹೊರಗೆ ಬಿಡುವುದಿಲ್ಲ ಎಂಬ ಪತ್ರಕ್ಕೆ ನನ್ನದೇ ಸಹಿ.

ಏಳನೆಯವರೇ ನನ್ನ ನಾಯಕಿ. ಐವತ್ತು ದಾಟಿದೆ. ಪ್ರತಿ ಮಾತಿಗೆ ಮುಂಚೆ ಎರಡು ಸಣ್ಣ ಕೆಮ್ಮು. ಮಾತು ಮುಗಿದ ಮೇಲೆ, "ನಾನು ಅಂದೆ ಅನ್ಬೇಡ ಮತ್ತೆ." ಹಾಳೆಗಳ ಮಡಿಕೆಯಲ್ಲಿ ಇಂಜೆಕ್ಷನ್ ಸೂಜಿ ಸಿಗುತ್ತವಂತೆ. ಗ್ಲೌಸ್ ಕೇಳಿದ ಇಬ್ಬರನ್ನು ಮರುದಿನವೇ ಮನೆಗೆ ಕಳಿಸಿದರಂತೆ. ಹೇಳುತ್ತಾ ಹೇಳುತ್ತಾ ದನಿ ಪಾತಾಳಕ್ಕೆ ಇಳಿಯುತ್ತದೆ. ಅಬ್ಬಾ, ಎಂಥ ಪಾತ್ರ.

ಗುರುವಾರ ಸೆಮಿನಾರು. ಪೇಪರ್ ಓದಬೇಕು. ಓದುವುದೇ? ನಾಟಕ ಕಂಪನಿಯ ಪೆಟ್ಟಿಗೆಗಳ ನಡುವೆ ಹುಟ್ಟಿದವಳು, ಅಪ್ಪ ಮೂವತ್ತು ವರ್ಷ ಖಳನಾಗಿ ಗುಡುಗಿದವನು — ಕಾಗದಕ್ಕೆ ಮೂಗು ಹಚ್ಚಿ ಗೊಣಗುವುದು ನನ್ನ ಜಾಯಮಾನವಲ್ಲ.

ಮಾರ್ಚ್ 7, ಗುರುವಾರ, ಸಂಜೆ 5

ಗೆದ್ದೆ!

ನನಗಿಂತ ಮೊದಲು ಮೂವರು ಓದಿದರು. ಸಭೆ ಅರೆನಿದ್ದೆಯಲ್ಲಿತ್ತು. ಎದ್ದೆ. ಪೇಪರು ಬದಿಗಿಟ್ಟೆ. ಏಳನೆಯವರಾದೆ. ಬಾಗಿದ ಭುಜ, ಸೆರಗಿನಲ್ಲಿ ಕೈ ಒರೆಸುವ ರೀತಿ, ಆ ಎರಡು ಕೆಮ್ಮು... ಮೊದಲು ನಕ್ಕರು. ಆಮೇಲೆ ಸೂಜಿಯ ಮಾತು ಬಂತು. ಮುಂದಿನ ಸಾಲಿನ ಹುಡುಗಿ ಕಣ್ಣೊರೆಸಿಕೊಂಡಳು. ಚಪ್ಪಾಳೆಗೆ ಫ್ಯಾನು ನಡುಗಿತು.

ಚಹಾದ ಹೊತ್ತಿಗೆ ಒಬ್ಬರು ಹತ್ತಿರ ಬಂದರು. ಬಿಳಿ ಶರ್ಟು, ಮೆಲುದನಿ. ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕೊಡಲೆಂದು ವಿಭಾಗ ಕರೆಸಿದ ಕಂಪನಿಗಳವರಲ್ಲಿ ಒಬ್ಬರಂತೆ.

"ತುಂಬಾ ಚೆನ್ನಾಗ್ ಮಾಡಿದ್ರಿ," ಎಂದರು. "ಕೆಮ್ಮು ಸಮೇತ ಅದೇ."

ಧನ್ಯವಾದ ಹೇಳಿದೆ. ಅವರು ಕಾರ್ಡು ಕೊಟ್ಟು ಹೋದರು. ಓದಿದೆ. ಅದೇ ಲಾಂಡ್ರಿಯ ಪರ್ಸನೆಲ್ ಆಫೀಸರು, ಆಳುಗಳ ಉಸ್ತುವಾರಿಯವರು.

ಹೆಸರು ಹೇಳಿರಲಿಲ್ಲ. ಊರು, ಕಂಪನಿ — ಒಂದೂ ಹೇಳಿರಲಿಲ್ಲ. ಆಳನ್ನೇ ತಂದು ವೇದಿಕೆಯ ಮೇಲೆ ನಿಲ್ಲಿಸಿದ್ದೆ.

ಮಾರ್ಚ್ 9, ಶನಿವಾರ, ಮಧ್ಯಾಹ್ನ 2.30

ಪಾಳಿ ಬಿಡುವ ಹೊತ್ತಿಗೆ ಲಾಂಡ್ರಿ ಗೇಟಿನ ಎದುರು ನಿಂತಿದ್ದೆ. ಬಿಸಿ ಆವಿ, ಸೋಪಿನ ಘಾಟು. ಎಂಟು ಜನ ಬಂದರು. ಏಳನೆಯವರಿಲ್ಲ. ಯಾರೂ ನನ್ನತ್ತ ನೋಡಲಿಲ್ಲ. ಕೊನೆಗೆ ಒಬ್ಬಾಕೆ ನಡೆಯುತ್ತಲೇ ಹೇಳಿದರು: ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದಿದ್ದಾರಂತೆ. ವಿಚಾರಣೆ ಇಪ್ಪತ್ತೆರಡಕ್ಕೆ.

ಮಾರ್ಚ್ 10, ಭಾನುವಾರ

ಅವರ ಮನೆಗೆ ಹೋದೆ. ಒಂದೇ ಕೋಣೆ. ಗಂಡ ಗೋಡೆಗೆ ಒರಗಿ ಕೂತಿದ್ದರು, ತೋಳಿನಲ್ಲಿ ಹತ್ತಿ, ಪ್ಲಾಸ್ಟರು. ವಾರಕ್ಕೆರಡು ಡಯಾಲಿಸಿಸ್. ನಡೆಯುತ್ತಿರುವುದು ಲಾಂಡ್ರಿಯ ಆರೋಗ್ಯ ಕಾರ್ಡಿನ ಮೇಲೆ. ಕೆಲಸ ಹೋದರೆ ಕಾರ್ಡೂ ಹೋಗುತ್ತದೆ.

ಕಾಲಿಗೆ ಬೀಳುವ ದೃಶ್ಯವೊಂದನ್ನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಸ್ಟೂಲು ಎಳೆದು ಕೂರು ಎಂದರು. ಏನು ಮಾಡಿದೆ, ಹೇಗೆ ಮಾಡಿದೆ, ಎಲ್ಲಾ ಕೇಳಿದರು. ಹೇಳಿದೆ.

"ಜನ ಏನ್ಮಾಡಿದ್ರು?"

"ಮೊದ್ಲು ನಕ್ಕರು ಅಕ್ಕಾ. ಆಮೇಲೆ ಅತ್ತರು."

"ನಗೋಕೆ ಏನಿತ್ತು ಅದರಲ್ಲಿ?"

 

ಏಳುವಾಗ ಅವರೇ ದಾರಿ ಹೇಳಿದರು. ವಿಚಾರಣೆಗೆ ನನ್ನನ್ನೂ ಕರೆಯುತ್ತಾರೆ. ಆ ಮಾತೆಲ್ಲ ನಾನೇ ಕಟ್ಟಿದ್ದು, ಬರೀ ನಾಟಕ ಎನ್ನಬೇಕು. ಅವರೂ ಹಾಗೇ ಅನ್ನುತ್ತಾರೆ. ಒಪ್ಪಿಕೊಂಡೆ.

ಮಾರ್ಚ್ 18, ಸೋಮವಾರ, ಬೆಳಿಗ್ಗೆ 11

ಎಂಟು ದಿನ ಈ ಡೈರಿ ಮುಟ್ಟಲಿಲ್ಲ. ಬರೆಯುವುದಕ್ಕೇನಿದೆ? ಊಟ, ಸ್ನಾನ, ಬಾಯಿಪಾಠ.

ಇವತ್ತು ಗೈಡ್ ಮೇಡಂ ಕರೆದರು. ನನ್ನನ್ನು ವಿಚಾರಣೆಗೆ ಕರೆದ ಲಾಂಡ್ರಿಯ ಪತ್ರ ಮೇಜಿನ ಮೇಲಿತ್ತು. ಕಟ್ಟುಕತೆ ಎಂದೆನಾದರೆ ಅದು ಸಂಶೋಧನೆಯ ಹೆಸರಿನಲ್ಲಿ ಮಾಡಿದ ಮೋಸ. ಪ್ರಬಂಧ ರದ್ದು, ಪದವಿ ರದ್ದು, ಇನ್ನೆಲ್ಲೂ ಸೀಟು ಸಿಗುವುದಿಲ್ಲ ಎಂದರು. ನಿಜ ಎಂದೆನಾದರೆ ಏಳನೆಯವರು ಬೀದಿಗೆ. ಟೇಪು ಯಾರಿಗೂ ಕೊಡಬೇಡ, ಅದರಲ್ಲಿ ಮಾತ್ರ ನಾನು ನಿನ್ನ ಬೆನ್ನಿಗಿದ್ದೇನೆ ಎಂದರು. ಆಮೇಲೆ ಕೇಳಿದರು, "ಅವರ ಮಾತನ್ನ ಬರೀ ಓದಿದ್ರೆ ಸಾಕಿತ್ತಲ್ಲ?"

ಸಾಕಿತ್ತು.

ಊರಲ್ಲಿರುವ ನನ್ನ ಸ್ವಂತ ಅಕ್ಕನಿಗೆ ಫೋನು ಮಾಡಿದೆ. ಬೈಯುತ್ತಾಳೆ ಅಂದುಕೊಂಡರೆ ನಿಟ್ಟುಸಿರು. "ಅಪ್ಪನ ಮಗಳು ನೀನು. ಸಾಯೋ ಸೀನೇ ಬೇಕು ನಿಂಗೆ." ಆಮೇಲೆ ಮೆಲ್ಲಗೆ — ಮೂವತ್ತನಾಲ್ಕಕ್ಕೆ ಕಾಲೇಜು ಸೇರಿದವಳು, ಮೂವತ್ತಾರಕ್ಕೆ ವಾಪಸು ಬಂದರೆ ಏನೀಗ, ಬಾ, ಕೋಣೆ ಖಾಲಿ ಇದೆ.

ಅದೇ ಹೆಚ್ಚು ನೋಯಿಸಿತು.

ಮಾರ್ಚ್ 21, ಗುರುವಾರ, ಸಂಜೆ

ಮಾತು ಸಿದ್ಧ. ಹನ್ನೊಂದು ವಾಕ್ಯ. "ನಾನು ನಾಟಕದವಳು ಸರ್, ಉತ್ಪ್ರೇಕ್ಷೆ ನನ್ನ ರಕ್ತದಲ್ಲಿದೆ" — ಇಲ್ಲಿ ತಲೆ ತಗ್ಗಿಸುವುದು. ಕನ್ನಡಿ ಮುಂದೆ ಮಾಡಿ ನೋಡಿದೆ. ಎಷ್ಟು ಸಲೀಸಾಗಿ ಬರುತ್ತದೆ ಸುಳ್ಳು! ಅಸಹ್ಯವಾಯಿತು. ಇನ್ನೊಂದು ಸಲ ಮಾಡಿದೆ.

ಮಾರ್ಚ್ 22, ಶುಕ್ರವಾರ, ಬೆಳಿಗ್ಗೆ 10.40

ವಿಚಾರಣೆ ಕೋಣೆಯ ಹೊರಗಿನ ಬೆಂಚು. ಕಾಯುತ್ತಾ ಬರೆಯುತ್ತಿದ್ದೇನೆ. ಏಳನೆಯವರು ಒಳಗಿದ್ದಾರೆ. ಹತ್ತು ನಿಮಿಷವಾಯಿತು. ಒಂದು ಸದ್ದೂ ಇಲ್ಲ. ಇಲ್ಲ ಎನ್ನಲು ಹತ್ತು ನಿಮಿಷ ಬೇಕೇ?

10.55

ಹೊರಗೆ ಬಂದರು. ನನ್ನ ಪಕ್ಕದಲ್ಲೇ ಕೂತರು. ಇಳಿದನಿಯಲ್ಲಿ ಎಲ್ಲ ಹೇಳಿದರು. ಅವರ ಜಾಗಕ್ಕೆ ಹಾಕಿದ್ದ ಹುಡುಗಿಗೆ ಮಂಗಳವಾರ ಸೂಜಿ ಚುಚ್ಚಿದೆಯಂತೆ. ಅಂಗೈಗೆ. ಮದುವೆಯಾಗಿ ಆರು ತಿಂಗಳು. ಒಳಗೆ ಟೈಪು ಮಾಡಿದ ಕಾಗದ ತಯಾರಿತ್ತಂತೆ — ಗ್ಲೌಸ್ ದಿನವೂ ಕೊಡುತ್ತಾರೆ, ಸೂಜಿ ಎಂದೂ ಕಂಡಿಲ್ಲ, ವಿದ್ಯಾರ್ಥಿನಿ ಹೇಳಿದ್ದೆಲ್ಲ ಸುಳ್ಳು.

"ಹಾಕಲಿಲ್ಲ ಸಹಿ," ಎಂದರು. "ನಾನೇ ಅಂದಿದ್ದು ಅಂದೆ."

"ಅಕ್ಕಾ... ಕಾರ್ಡು?"

"ನೋಡೋಣ." ಕೈಗಳನ್ನು ಮಡಿಲಲ್ಲಿಟ್ಟು ನೋಡಿಕೊಂಡರು. "ಈಗ ನೀನು ಒಳಗೆ ಹೋಗಿ ನಾಟಕ ಅಂದ್ರೆ, ಸುಳ್ಳಿ ಆಗೋದು ನಾನೊಬ್ಳೇ."

ಕರೆಯುತ್ತಿದ್ದಾರೆ. ಹನ್ನೊಂದು ವಾಕ್ಯದಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ. ಬೇರೆ ಮಾತು ಕಟ್ಟಿಕೊಂಡಿಲ್ಲ. ಅವರು ಬ್ಯಾಗು ಹಿಡಿಯಲು ಕೈ ಚಾಚಿದ್ದಾರೆ, ಕೊಟ್ಟು ಒಳಗೆ —